ಕೊಟ್ಟವರೇ ಮತ್ತೆ ಕೇಳುವ ಕಾಗದ: ಜೆರಾಕ್ಸ್ ಅಂಗಡಿಯವನ ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಕಚೇರಿಗಳಲ್ಲಿ ಕಾಗದ ಪೋಲಾಗುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಎದುರಿಗೆ ಸರ್ಕಾರಿ ಕಚೇರಿ. ಈ ಕಡೆ ನಾನು, ಪಕ್ಕದಲ್ಲಿ ಟೀ ಅಂಗಡಿ, ಅದರಾಚೆ ಅರ್ಜಿ ಟೈಪ್ ಮಾಡುವವರು. ರಾಜ್ಯದ ಯಾವ ತಾಲ್ಲೂಕಿಗೆ ಹೋದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಎದುರಿನ ಕಚೇರಿ ಕಾಗದ ಕೇಳುವುದನ್ನು ನಿಲ್ಲಿಸಿದರೆ ನನ್ನ ವ್ಯಾಪಾರ ಅರ್ಧಕ್ಕಿಂತ ಜಾಸ್ತಿ ಬಿದ್ದುಹೋಗುತ್ತದೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳ್ಳೋದು ಯಾಕೆ ಅಂತ ಮನೆಯಲ್ಲೂ ಕೇಳಿದರು. ಮದುವೆ ಕಾರ್ಡು, ಮಕ್ಕಳ ಪ್ರಾಜೆಕ್ಟು, ಲ್ಯಾಮಿನೇಷನ್ನು ಅಂತ ಹೇಗೋ ನಡೆಯುತ್ತದೆ ಬಿಡಿ.

ಕಾಗದ ಉಳಿಸಿ ಅನ್ನುವ ಸುತ್ತೋಲೆ ನಿಮಗೂ ಹೊಸದಲ್ಲ, ನನಗೂ ಹೊಸದಲ್ಲ. ಎರಡೂ ಬದಿ ಬಳಸಿ, ಸುಮ್ಮನೆ ಪ್ರಿಂಟ್ ಹಾಕಬೇಡಿ, ಇ-ಮೇಲ್ ಬಳಸಿ. ಎಲ್ಲ ಒಳ್ಳೆಯ ಮಾತೇ. ಆದರೆ ಸುತ್ತೋಲೆಗಳು ಬರುವ ರೀತಿ ನೋಡಿ. ಮೊದಲು ವಾಟ್ಸಾಪಿನಲ್ಲಿ ಪಿಡಿಎಫ್ ಬರುತ್ತದೆ. ಆಮೇಲೆ ಇ-ಮೇಲ್. ಅದಾದ ಮೇಲೆ ಅಂಚೆಯಲ್ಲಿ ಮೂಲ ಪ್ರತಿ. ಕೊನೆಯಲ್ಲಿ ‘ಪ್ರತಿ’ ಅಂತ ಒಂದು ಪಟ್ಟಿ ಇರುತ್ತದೆ. ಅದು ಕೆಲವು ಸಲ ವಿಷಯಕ್ಕಿಂತ ಉದ್ದ. ಪಟ್ಟಿಯ ತುದಿಯಲ್ಲಿ ‘ಶಾಖಾ ರಕ್ಷಾ ಕಡತ, ಹೆಚ್ಚುವರಿ ಪ್ರತಿಗಳು’. ಈ ಹೆಚ್ಚುವರಿ ಪ್ರತಿ ಯಾರಿಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಾಗಾಗಿ ಇನ್ನೊಂದು ಬುದ್ಧಿಮಾತಿನ ಸುತ್ತೋಲೆ ಬೇಡ. ನಾನು ಕೇಳುತ್ತಿರುವುದು ಒಂದು ಆದೇಶ. ಸರ್ಕಾರ ತಾನೇ ಕೊಟ್ಟಿರುವ ದಾಖಲೆಯ ಜೆರಾಕ್ಸನ್ನು ಸರ್ಕಾರದ ಇನ್ನೊಂದು ಕಚೇರಿ ಜನರಿಂದ ಕೇಳಬಾರದು. ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ನನ್ನ ಮಷಿನ್ನಿನ ಗಾಜಿನ ಮೇಲೆ ದಿನಾ ಬೀಳುವ ಕಾಗದಗಳು ಯಾವುವು? ಆಧಾರ್, ರೇಷನ್ ಕಾರ್ಡು, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಜನನ-ಮರಣ ಪ್ರಮಾಣಪತ್ರ, ವೋಟರ್ ಐಡಿ, ಮಾರ್ಕ್ಸ್ ಕಾರ್ಡು. ಬ್ಯಾಂಕ್ ಪಾಸ್‌ಬುಕ್ ಬಿಟ್ಟರೆ ಹೆಚ್ಚಿನವು ಸರ್ಕಾರದ ಒಂದಲ್ಲ ಒಂದು ಕಚೇರಿ ಕೊಟ್ಟಿದ್ದೇ. ಅದರಲ್ಲೂ ಎಷ್ಟೋ ಕಾಗದ ಎದುರಿನ ಕಟ್ಟಡದಿಂದಲೇ ಹೊರಗೆ ಬಂದದ್ದು. ರಸ್ತೆ ದಾಟಿ ನನ್ನ ಹತ್ತಿರ ಬರುತ್ತದೆ, ಜೋಡಿಯಾಗುತ್ತದೆ, ವಾಪಸ್ ಅದೇ ಕಟ್ಟಡಕ್ಕೆ ಹೋಗುತ್ತದೆ.

ಜಾತಿ-ಆದಾಯ ಪ್ರಮಾಣಪತ್ರದ್ದೇ ತೆಗೆದುಕೊಳ್ಳಿ. ನಾಡಕಚೇರಿ ಕೊಡುವ ಆ ಕಾಗದದ ಮೇಲೆ ಆರ್‌ಡಿಯಿಂದ ಶುರುವಾಗುವ ಒಂದು ನಂಬರ್ ಇರುತ್ತದೆ. ಯಾರು ಬೇಕಾದರೂ ಆ ನಂಬರ್ ಹಾಕಿ ಆನ್‌ಲೈನಿನಲ್ಲಿ ಅಸಲಿಯೋ ನಕಲಿಯೋ ನೋಡಬಹುದು. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ಮಾಡುವುದೂ ಅದನ್ನೇ. ಹುಡುಗ ಆರ್‌ಡಿ ನಂಬರ್ ಒತ್ತಿದರೆ ಹೆಸರು, ಜಾತಿ, ಆದಾಯ ಎಲ್ಲ ತಾನಾಗೇ ಬಂದು ಕೂರುತ್ತದೆ. ಕಾಗದದ ಮಾತೇ ಇಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ? ಆಮೇಲೆ ಆಗುವುದು ಕೇಳಿ. ಆ ಅರ್ಜಿಯ ಪ್ರಿಂಟ್ ತೆಗೆದು, ಅದಕ್ಕೆ ಜಾತಿ ಪ್ರಮಾಣಪತ್ರದ ಜೆರಾಕ್ಸ್, ಆಧಾರ್ ಜೆರಾಕ್ಸ್, ಮಾರ್ಕ್ಸ್ ಕಾರ್ಡ್ ಜೆರಾಕ್ಸ್, ಫೀ ರಸೀದಿ ಸೇರಿಸಿ ಎರಡು ಸೆಟ್ ಕಾಲೇಜಿಗೆ ಕೊಡಬೇಕು ಅಂತ ಹುಡುಗರು ಸಾಲುಗಟ್ಟಿ ಬರುತ್ತಾರೆ. ಒಂದು ಸೆಟ್ ಕಾಲೇಜಿಗೆ, ಇನ್ನೊಂದು ಇಲಾಖೆಗೆ. ಕಂಪ್ಯೂಟರ್ ಆಗಲೇ ಒಪ್ಪಿಕೊಂಡದ್ದನ್ನು ಬೀರು ಒಪ್ಪಿಕೊಂಡಿರುವುದಿಲ್ಲ.

ರೈತರದ್ದೂ ಇದೇ ಕಥೆ. ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಒಂದು ಸಲ ನೋಂದಣಿ ಮಾಡಿಸಿದರೆ ರೈತನ ಗುರುತಿಗೆ ಎಫ್‌ಐಡಿ ನಂಬರ್ ಸಿಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಜಮೀನು ಅನ್ನುವುದು ಅದರಲ್ಲೇ ಇದೆ. ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಯವರೆಲ್ಲ ಅದನ್ನೇ ನೋಡಲಿ ಅಂತಲೇ ಮಾಡಿದ್ದು. ಆದರೂ ಹನಿ ನೀರಾವರಿ ಪೈಪಿಗೆ ಅರ್ಜಿ ಹಾಕುವವನು ಪಹಣಿ ಜೆರಾಕ್ಸ್ ಹಿಡಿದುಕೊಂಡೇ ಹೋಗುತ್ತಾನೆ. ‘ಹೊಸ ಪಹಣಿ ತನ್ನಿ, ಇದು ಹಳೇದು’ ಅಂತ ಕೇಳಿಸಿಕೊಂಡು ವಾಪಸ್ ಬರುತ್ತಾನೆ. ಹೊಸದು ತೆಗೆಯಲು ದುಡ್ಡು, ಜೆರಾಕ್ಸಿಗೆ ದುಡ್ಡು, ಬಸ್ಸಿಗೆ ದುಡ್ಡು. ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ.

ಹೋದ ಮಳೆಗಾಲದಲ್ಲಿ ವಯಸ್ಸಾದ ಒಬ್ಬ ಹೆಂಗಸು ಬಂದಿದ್ದರು. ವಿಧವಾ ವೇತನದ ಅರ್ಜಿ. ಕಾಗದಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಕವರ್ ಹಾಕಿ, ರವಿಕೆಯ ಹತ್ತಿರ ಒತ್ತಿ ಹಿಡಿದುಕೊಂಡಿದ್ದರು. ಒಂದು ಹನಿ ನೀರು ತಾಗಿರಲಿಲ್ಲ. ಗಂಡನ ಮರಣ ಪ್ರಮಾಣಪತ್ರ ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗಿತ್ತು. ಹಿಂದಿನಿಂದ ಟೇಪ್ ಅಂಟಿಸಿ ಜೆರಾಕ್ಸ್ ತೆಗೆದೆ. ಅವರು ಆ ಟೇಪನ್ನು ಮುಟ್ಟಿ ನೋಡುತ್ತಾ ಕೇಳಿದರು: “ಇದನ್ನು ಅವರೇ ಕೊಟ್ಟಿದ್ದಲ್ವಾ ತಮ್ಮಾ? ಅವರ ಹತ್ರ ಇರಲ್ವಾ?”

ಇದೆ ಅಮ್ಮ ಅಂದೆ. ಮತ್ತೇನು ಹೇಳುವುದು? ಅವರ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಚೇರಿಯ ಒಳಗಿನ ಕಾಗದದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಇ-ಕಚೇರಿ ಬಂತು, ಕಡತ ಎಲ್ಲ ಕಂಪ್ಯೂಟರಿನಲ್ಲೇ ಓಡಾಡುತ್ತದೆ ಅಂದರು. ಬೆಂಗಳೂರಿನಲ್ಲಿ ಓಡಾಡುತ್ತಿರಬಹುದು. ತಾಲ್ಲೂಕಿನ ಮಟ್ಟದಲ್ಲಿ ಒಂದು ಪತ್ರದ ಪ್ರಯಾಣ ಹೀಗಿರುತ್ತದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಸಾಹೇಬರು ತಿದ್ದಲಿ ಅಂತ ಪ್ರಿಂಟ್ ತೆಗೆಯುತ್ತಾರೆ. ಅವರು ಪೆನ್ನಿನಲ್ಲಿ ಎರಡು ಅಕ್ಷರ ತಿದ್ದುತ್ತಾರೆ. ಮತ್ತೆ ಪ್ರಿಂಟು. ಸಹಿ, ಸೀಲು. ಅದನ್ನು ಸ್ಕ್ಯಾನ್ ಮಾಡಿ ಮೇಲಿನ ಕಚೇರಿಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಮತ್ತೆ ಪ್ರಿಂಟ್ ತೆಗೆದು ಟಪಾಲಿನಲ್ಲಿ ಇಡುತ್ತಾರೆ. ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ತಲುಪಿದ ಪತ್ರಕ್ಕೆ ನಡುವೆ ಮೂರು ಸಲ ಹಾಳೆ ಖರ್ಚು. ಟೋನರ್ ಖಾಲಿಯಾದ ದಿನ ಇದೆಲ್ಲ ಪೆನ್‌ಡ್ರೈವಿನಲ್ಲಿ ನನ್ನ ಅಂಗಡಿಗೆ ಬರುತ್ತದೆ. ಅದಕ್ಕೇ ನನಗೆ ಇಷ್ಟು ವಿವರವಾಗಿ ಗೊತ್ತು.

ನಮ್ಮ ಕನ್ನಡಕ್ಕೇ ಅಂತ ಇನ್ನೊಂದು ಕಾರಣವೂ ಇದೆ. ಅದನ್ನು ಯಾವ ಸುತ್ತೋಲೆಯಲ್ಲೂ ನಾನು ನೋಡಿಲ್ಲ. ಈಗಲೂ ಬಹಳ ಕಚೇರಿಗಳಲ್ಲಿ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ, ಯಾವ ಕಂಪ್ಯೂಟರಿನಲ್ಲಾದರೂ ಓದಲು ಬರುವ ಯುನಿಕೋಡಿನಲ್ಲಿ ಅಲ್ಲ. ಆ ಕಡತವನ್ನು ಇ-ಮೇಲ್ ಮಾಡಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಗುರುತುಗಳು. ಒಂದಕ್ಷರ ಓದಲು ಬರುವುದಿಲ್ಲ. ಒಂದೆರಡು ಸಲ ಹೀಗಾದ ಮೇಲೆ ಗುಮಾಸ್ತರು ಬುದ್ಧಿ ಕಲಿಯುತ್ತಾರೆ: ಪ್ರಿಂಟ್ ತೆಗೆದು ಕಳಿಸುವುದೇ ಸುರಕ್ಷಿತ. ಇಲ್ಲವೇ ಪ್ರಿಂಟ್ ತೆಗೆದು, ಅದನ್ನು ಸ್ಕ್ಯಾನ್ ಮಾಡಿ ಕಳಿಸುವುದು. ಸ್ಕ್ಯಾನ್ ಅಂದರೆ ಬರೀ ಫೋಟೋ. ಅದರಲ್ಲಿ ಹೆಸರು ಹುಡುಕಲು ಆಗುವುದಿಲ್ಲ, ನಕಲು ಮಾಡಿ ಇನ್ನೊಂದು ಪತ್ರಕ್ಕೆ ಹಾಕಲು ಬರುವುದಿಲ್ಲ. ಮುಂದಿನ ಸಲ ಅದೇ ಪಟ್ಟಿಯನ್ನು ಇನ್ನೊಬ್ಬರು ಮೊದಲಿನಿಂದ ಟೈಪ್ ಮಾಡುತ್ತಾರೆ. ಎಲ್ಲ ಕಚೇರಿಯಲ್ಲೂ ಯುನಿಕೋಡ್ ಕಡ್ಡಾಯವಾಗಿ ಜಾರಿಯಾದರೆ ಉಳಿಯುವ ಹಾಳೆ, ನೂರು ‘ಮರ ಉಳಿಸಿ’ ಪೋಸ್ಟರಿಗಿಂತ ಜಾಸ್ತಿ.

ಹಾಗಂತ ನೌಕರರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ದಿನಾ ನನ್ನ ಪಕ್ಕದಲ್ಲೇ ಟೀ ಕುಡಿಯುವವರು. ಕಾಗದದ ಮೇಲೆ ಅವರಿಗೇನೂ ಪ್ರೀತಿ ಇಲ್ಲ. ಕೂರಲು ಜಾಗವಿಲ್ಲದ ಹಾಗೆ ಕೆಂಪು ಬಟ್ಟೆಯ ಗಂಟುಗಳು ಕುರ್ಚಿಯ ಹಿಂದೆ, ಕಿಟಕಿಯ ಮೇಲೆ, ಶೌಚಾಲಯದ ಪಕ್ಕ. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಗೆದ್ದಲು. ಅದರ ಮಧ್ಯೆ ಕೂತು ಸೀನುತ್ತಾ ಕೆಲಸ ಮಾಡುತ್ತಾರೆ. ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುಡುಗನನ್ನು ನಾನೇ ಕೇಳಿದ್ದೆ, ಕಂಪ್ಯೂಟರಿನಲ್ಲಿ ಕಾಣುತ್ತದಲ್ಲ ಮಾರಾಯ, ಜೆರಾಕ್ಸ್ ಯಾಕೆ ಅಂತ. “ನಮಗೂ ಬೇಡ ಅಣ್ಣ. ಆದ್ರೆ ನಾಳೆ ಆಡಿಟ್ ಬಂದಾಗ ಇದನ್ನ ಯಾವ ಆಧಾರದ ಮೇಲೆ ಮಂಜೂರು ಮಾಡಿದೆ ಅಂತ ಕೇಳಿದ್ರೆ? ಆವಾಗ ನಾನು ಬೇರೆ ಊರಿಗೆ ವರ್ಗ ಆಗಿರ್ತೀನಿ. ಫೈಲಲ್ಲಿ ಹಾಳೆ ಇದ್ರೆ ನಾನು ಬಚಾವು.”

ಅವನ ಮಾತಿನಲ್ಲಿ ತಪ್ಪಿಲ್ಲ. ಆ ಜೆರಾಕ್ಸ್ ಅವನ ಪಾಲಿಗೆ ದಾಖಲೆಯಲ್ಲ, ವಿಮೆ. ಕಂತು ಮಾತ್ರ ಅರ್ಜಿದಾರರು ಕಟ್ಟುತ್ತಾರೆ. ಕಾಗದ ಉಳಿಸಿ ಅಂತ ಅವನಿಗೆ ಎಷ್ಟು ಹೇಳಿದರೂ ಅವನು ಉಳಿಸುವುದಿಲ್ಲ. ಉಳಿಸಿದ್ದಕ್ಕೆ ಅವನಿಗೆ ಬಹುಮಾನ ಇಲ್ಲ, ಒಂದು ಹಾಳೆ ಕಡಿಮೆಯಾದರೆ ನೋಟಿಸ್ ಇದೆ. ಹಾಳೆ ಇಲ್ಲದೆ ಮಂಜೂರು ಮಾಡಿದರೂ ಕಾನೂನು ಅವನ ಪರವಾಗಿಯೇ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ವಿದ್ಯುನ್ಮಾನ ದಾಖಲೆಗೆ ಕಾಗದದ ದಾಖಲೆಯಷ್ಟೇ ಮಾನ್ಯತೆ ಕೊಟ್ಟಿದೆ. 5ನೇ ಕಲಂ ಆ ರೀತಿಯ ಸಹಿಗೂ ಮಾನ್ಯತೆ ಕೊಟ್ಟಿದೆ. 2015ರಲ್ಲಿ ದಾಖಲೆಗಳನ್ನು ಆನ್ಲೈನಿನಲ್ಲೇ ಇಟ್ಟುಕೊಳ್ಳುವ ಡಿಜಿಲಾಕರ್ ಬಂತು. ಇಲಾಖೆಗಳು ನೇರವಾಗಿ ಅದರೊಳಗೆ ಹಾಕಿದ ದಾಖಲೆ ಮೂಲ ಪ್ರತಿಗೆ ಸಮ ಅಂತ ಕೇಂದ್ರ ಸರ್ಕಾರ 2017ರಲ್ಲಿ ನಿಯಮವನ್ನೇ ಮಾಡಿದೆ. ಇಷ್ಟಿದ್ದೂ ನಮ್ಮ ಎಸ್‌ಡಿಎ ಕಲಂ ತೋರಿಸಿ ಆಡಿಟ್‌ನವರ ಹತ್ತಿರ ವಾದ ಮಾಡಲು ಆಗುತ್ತದೆಯೇ? ಆ ಧೈರ್ಯವನ್ನು ಮೇಲಿನವರು ಬರಹದಲ್ಲಿ ಕೊಡಬೇಕು.

ಇದನ್ನು ಮಾಡಿ ತೋರಿಸಿದ್ದು ನಮ್ಮ ರಾಜ್ಯವೇ. ಭೂಮಿ ಯೋಜನೆ ನೆನಪಿದೆಯಲ್ಲ? 2000ದ ಸುಮಾರಿಗೆ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ದೇಶವೇ ಬಂದು ನೋಡಿಕೊಂಡು ಹೋಯಿತು. ಆದರೆ ಅದು ಗೆದ್ದದ್ದು ಕಂಪ್ಯೂಟರ್ ತಂದದ್ದಕ್ಕೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲ ಅಂತ ಮಾಡಿದರು. ಶಾನುಭೋಗರ ಕಾಲದಿಂದ ಬಂದಿದ್ದ ಪದ್ಧತಿ ಅಲ್ಲಿಗೆ ಮುಗಿಯಿತು. ಹಳೆಯ ದಾರಿಗೆ ಬೇಲಿ ಹಾಕಿದ್ದರಿಂದ ಹೊಸ ದಾರಿಯಲ್ಲಿ ಜನ ನಡೆದರು. ಆಮೇಲೆ ಬಂದ ಎಷ್ಟೋ ಯೋಜನೆಗಳಲ್ಲಿ ಈ ಬೇಲಿ ಹಾಕುವ ಕೆಲಸ ಬಿಟ್ಟುಹೋಗಿದೆ. ಆನ್‌ಲೈನೂ ಇದೆ, ಕಾಗದವೂ ಇದೆ. ಎರಡೂ ನಡೆಯುವುದರಿಂದ ಕೆಲಸವೂ ಎರಡು ಪಟ್ಟು. ಮೊದಲು ಅರ್ಜಿ ಮಾತ್ರ ಇತ್ತು. ಈಗ ಅರ್ಜಿ, ಆನ್‌ಲೈನ್ ಅರ್ಜಿಯ ಪ್ರಿಂಟು, ಅದರ ಸ್ವೀಕೃತಿಯ ಪ್ರಿಂಟು, ಓಟಿಪಿ ಬಂದ ಮೊಬೈಲಿನ ಸ್ಕ್ರೀನ್‌ಶಾಟ್ ಪ್ರಿಂಟು. ಕೊನೆಯದ್ದು ತಮಾಷೆಗೆ ಹೇಳಿದ್ದಲ್ಲ.

ಎರಡೂ ಬದಿ ಮುದ್ರಿಸುವ ವಿಷಯ ಸಣ್ಣದು, ಬೇಗ ಹೇಳಿ ಮುಗಿಸುತ್ತೇನೆ. ಸುಪ್ರೀಂ ಕೋರ್ಟಿನಲ್ಲೇ ಉದ್ದದ ಲೀಗಲ್ ಹಾಳೆಯ ಒಂದೇ ಬದಿಯಲ್ಲಿ ಮುದ್ರಿಸುವುದು ರೂಢಿಯಾಗಿತ್ತು. 2020ರ ಏಪ್ರಿಲ್ 1ರಿಂದ ಎ4 ಹಾಳೆ, ಎರಡೂ ಬದಿ ಅಂತ ಅವರು ಸುತ್ತೋಲೆ ಹೊರಡಿಸಿದರು. ಹಾಳೆ 75 ಜಿಎಸ್ಎಂಗೆ (ಚದರ ಮೀಟರಿಗೆ 75 ಗ್ರಾಂ ತೂಕಕ್ಕೆ) ಕಡಿಮೆ ಇರಬಾರದು, ಅಕ್ಷರ 14ರ ಅಳತೆ, ಸಾಲಿನ ನಡುವೆ ಒಂದೂವರೆ ಅಂತರ ಅಂತ ಎಲ್ಲ ಅದರಲ್ಲೇ ಬರೆದರು. ಅಂಥಾ ಕೋರ್ಟೇ ಒಪ್ಪಿದ್ದನ್ನು ನಮ್ಮ ತಾಲ್ಲೂಕಿನ ಕೌಂಟರ್ ಒಪ್ಪುವುದಿಲ್ಲ. ‘ಒಂದೇ ಸೈಡ್ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ’ ಅಂತ ವಾಪಸ್ ಕಳಿಸುತ್ತಾರೆ. ನಾನು ಎರಡು ಬದಿ ಮಾಡಿಕೊಟ್ಟ ಸೆಟ್ ರದ್ದಿಗೆ ಬೀಳುತ್ತದೆ, ಇನ್ನೊಂದು ಸೆಟ್ ತೆಗೆಯುತ್ತೇನೆ. ಕನ್ನಡದ ಒತ್ತಕ್ಷರಗಳಿಗೆ ಸಾಲಿನ ನಡುವೆ ಸ್ವಲ್ಪ ಜಾಗ ಬೇಕು, ನಿಜ. ಆದರೆ ಮೂರನೇ ಪುಟದಲ್ಲಿ ‘ತಮ್ಮ ವಿಶ್ವಾಸಿ’ ಮತ್ತು ಒಂದು ಸೀಲು ಮಾತ್ರ ಇರುವ ಪತ್ರಗಳಿಗೆ ಒತ್ತಕ್ಷರ ಕಾರಣವಲ್ಲ.

ಒಂದು ಹಾಳೆ ಎಷ್ಟು ಮಹಾ ಅನ್ನಿಸಬಹುದು. 75 ಜಿಎಸ್ಎಂನ ಒಂದು ಎ4 ಹಾಳೆ 5 ಗ್ರಾಮಿಗೂ ಕಡಿಮೆ ತೂಗುತ್ತದೆ. 500 ಹಾಳೆಯ ಒಂದು ಬಂಡಲ್ ಸುಮಾರು 2.3 ಕೆಜಿ. ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ 6,000 ಗ್ರಾಮ ಪಂಚಾಯಿತಿಗಳಿವೆ. ಪ್ರತಿ ಪಂಚಾಯಿತಿ ತಿಂಗಳಿಗೆ ಒಂದೇ ಒಂದು ಬಂಡಲ್ ಉಳಿಸಿತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 165 ಟನ್ ಆಗುತ್ತದೆ. ಇದು ಪಂಚಾಯಿತಿಗಳ ಲೆಕ್ಕ ಮಾತ್ರ. ತಾಲ್ಲೂಕು, ಜಿಲ್ಲೆ, ನಿಗಮ, ಮಂಡಳಿ, ವಿಶ್ವವಿದ್ಯಾಲಯ ಯಾವುದನ್ನೂ ಸೇರಿಸಿಲ್ಲ.

ನಮ್ಮ ಕಡೆಯವರಿಗೆ ಈ ಟನ್ನಿನ ಲೆಕ್ಕ ಬೇರೆ ಥರ ಅರ್ಥವಾಗುತ್ತದೆ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ ಶುರುವಾಯಿತು. ಎಂಪಿಎಂ ಅಂದರೆ ಹೆಮ್ಮೆ ಇತ್ತು, ಕೆಲಸ ಇತ್ತು. ಆಮೇಲೆ ಆ ಮಿಲ್ಲಿಗಾಗಿ ಶಿವಮೊಗ್ಗ ಸೀಮೆಯ ಗುಡ್ಡಗಳಿಗೆ ನೀಲಗಿರಿ, ಅಕೇಶಿಯಾ ನೆಡುತೋಪು ಬಂತು. ಹಲಸು, ನೇರಳೆ ಇದ್ದ ಕಡೆ ಸಾಲು ಸಾಲು ಒಂದೇ ಮರ. ಕೆಳಗೆ ಹುಲ್ಲು ಸರಿಯಾಗಿ ಬರುವುದಿಲ್ಲ, ದನ ಮೇಯುವುದಿಲ್ಲ, ಮಂಗಗಳಿಗೆ ತಿನ್ನಲು ಹಣ್ಣಿಲ್ಲ, ಅವು ತೋಟಕ್ಕೆ ಬರುತ್ತವೆ. ಮಿಲ್ಲು ಬಾಗಿಲು ಹಾಕಿ ವರ್ಷಗಳಾದವು. ತೋಪಿನ ಜಗಳ ಮುಗಿದಿಲ್ಲ. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಜನ ಹೋರಾಟವನ್ನೇ ಮಾಡಿದರು. ಉತ್ತರ ಕನ್ನಡಕ್ಕೆ ಹೋದರೆ ದಾಂಡೇಲಿಯ ಮಿಲ್ಲು ಮತ್ತು ಬಿದಿರಿನ ಕಥೆ ಹೇಳುತ್ತಾರೆ. ಮಿಲ್ಲಿಗೆ ಕಾಡಿನ ಬಿದಿರು ತೀರಾ ಅಗ್ಗಕ್ಕೆ ಹೋಯಿತು, ಬುಟ್ಟಿ ಹೆಣೆಯುವ ಮೇದಾರರು ಸಂತೆಯ ದರ ಕೊಟ್ಟರು. ಕಾಗದ ಬೇಡ ಅಂತ ನಾನು ಹೇಳುತ್ತಿಲ್ಲ. ಇಷ್ಟೆಲ್ಲ ತೆತ್ತು ಮಾಡಿದ ಹಾಳೆಯ ಮೇಲೆ, ಸರ್ಕಾರಕ್ಕೆ ಆಗಲೇ ಗೊತ್ತಿರುವ ಸಂಗತಿಯನ್ನು ಸರ್ಕಾರಕ್ಕೇ ಮತ್ತೆ ಬರೆದುಕೊಡುವುದು ಯಾವ ನ್ಯಾಯ ಅಂತ ಕೇಳುತ್ತಿದ್ದೇನೆ.

ಇನ್ನು ಈ ಹಾಳೆಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಕೆಲವು ಕಡತ ಶಾಶ್ವತ, ಕೆಲವಕ್ಕೆ ಇಷ್ಟು ವರ್ಷ ಅಂತ ಅವಧಿ ಇದೆ. ಅವಧಿ ಮುಗಿದದ್ದನ್ನು ಕ್ರಮವಾಗಿ ವಿಲೇವಾರಿ ಮಾಡಬೇಕು. ಆದರೆ ಹೆಚ್ಚುವರಿ ಸೆಟ್ಟುಗಳು, ತಿರಸ್ಕಾರವಾದ ಅರ್ಜಿಗಳು, ಕಾಲೇಜಿನ ಎರಡನೇ ಪ್ರತಿಗಳಿಗೆ ಅಂಥ ಭಾಗ್ಯವೆಲ್ಲ ಇಲ್ಲ. ಅವು ಗುಜರಿಗೆ ಹೋಗುತ್ತವೆ. ಒಂದು ಸಂಜೆ ನಾನು ತಂದ ಬೋಂಡಾದ ಪೊಟ್ಟಣ ಬಿಚ್ಚಿದರೆ ಒಳಗಡೆ ಒಬ್ಬ ಹುಡುಗಿಯ ಆಧಾರ್ ಜೆರಾಕ್ಸ್. ಫೋಟೋ, ಹುಟ್ಟಿದ ದಿನ, ವಿಳಾಸ, ಪೂರ್ತಿ ನಂಬರ್, ಎಲ್ಲದರ ಮೇಲೆ ಎಣ್ಣೆ. ಖಾಸಗಿ ಮಾಹಿತಿ ಕಾಪಾಡಲು 2023ರಲ್ಲಿ ದೇಶಕ್ಕೆ ಒಂದು ಕಾಯ್ದೆ ಬಂದಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ ಬೀಗ ಹಾಕುತ್ತೇವೆ, ಅದೇ ಮಾಹಿತಿಯ ಜೆರಾಕ್ಸನ್ನು ಕೆಜಿ ಲೆಕ್ಕದಲ್ಲಿ ಮಾರುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ಕಾಗದ ಉಳಿಸಲು ಹೋಗಬೇಡಿ. ಜನರ ಕೈಗೆ ಕೊಡುವ ಸ್ವೀಕೃತಿ ಮತ್ತು ಅರ್ಜಿ ಏನಾಯಿತು ಅಂತ ಬರೆದುಕೊಡುವ ಹಿಂಬರಹ. 2012ರಲ್ಲಿ ಸಕಾಲ ಬಂದಾಗ ಅರ್ಜಿ ಕೊಟ್ಟವರಿಗೆ ನಂಬರ್ ಇರುವ ಚೀಟಿ ಸಿಗಲು ಶುರುವಾಯಿತು. ಆ ಚೀಟಿ ಹಿಡಿದು ಬಂದು, ಇಷ್ಟು ದಿನದಲ್ಲಿ ಆಗಬೇಕಿತ್ತು, ಯಾಕೆ ಆಗಿಲ್ಲ ಅಂತ ಗಟ್ಟಿಯಾಗಿ ಕೇಳುವವರನ್ನು ನಾನು ನೋಡಿದ್ದೇನೆ. ಮೊಬೈಲಿಗೆ ಮೆಸೇಜ್ ಬಂದಿದೆ ಅಂದರೆ ನಮ್ಮ ಕಡೆ ಅರ್ಧ ಊರಿಗೆ ನೆಟ್‌ವರ್ಕ್ ಇಲ್ಲ, ಇದ್ದವರಲ್ಲಿ ಅರ್ಧ ಜನರ ಮೊಬೈಲು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ. ಈಗ ನಡೆಯುತ್ತಿರುವುದು ತಿರುಗಾಮುರುಗಾ. ಹನ್ನೆರಡು ಹಾಳೆ ಕೇಳುವ ಕೌಂಟರಿಗೆ ಒಂದು ಹಾಳೆ ಹಿಂಬರಹ ಕೊಡಲು ಕೈ ಬರುವುದಿಲ್ಲ. ‘ಪೇಪರ್ ಇಲ್ಲ’ ಅನ್ನುತ್ತಾರೆ. ಅದೂ ಸುಳ್ಳಲ್ಲ. ಸಾದಿಲ್ವಾರು, ಅಂದರೆ ಕಚೇರಿಯ ಸಣ್ಣಪುಟ್ಟ ಖರ್ಚಿನ ಹಣ ಬಂದಿರುವುದಿಲ್ಲ. ಕೆಲಸ ಆಗಬೇಕಾದವರಿಗೆ ‘ಒಂದು ಬಂಡಲ್ ಎ4 ತಂದುಕೊಡಿ’ ಅಂತ ಹೇಳಿ ಕಳಿಸಿದ್ದೂ ಇದೆ. ನನ್ನ ಅಂಗಡಿಯಲ್ಲೇ ಕೊಂಡಿದ್ದಾರೆ. ಪೋಲು ಮತ್ತು ಬರ ಒಂದೇ ಕೋಣೆಯಲ್ಲಿ ಇರುವುದು ನಿಮ್ಮ ಕಚೇರಿಗಳಲ್ಲಿ ಮಾತ್ರ.

ಆದ್ದರಿಂದ ಆ ಆದೇಶದಲ್ಲಿ ಏನಿರಬೇಕು ಅಂತ ನನ್ನ ಬುದ್ಧಿಗೆ ತೋಚಿದ್ದು ಹೇಳುತ್ತೇನೆ. ರಾಜ್ಯದ ಯಾವುದೇ ಇಲಾಖೆ ಕೊಟ್ಟ ದಾಖಲೆಗೆ ನಂಬರ್ ಮಾತ್ರ ಕೇಳಬೇಕು, ಪ್ರತಿ ಕೇಳಬಾರದು. ಕೇಸ್ ವರ್ಕರ್ ಆ ನಂಬರನ್ನು ಆನ್‌ಲೈನಿನಲ್ಲಿ ನೋಡಿ ‘ಪರಿಶೀಲಿಸಿದೆ’ ಅಂತ ಕಡತದಲ್ಲಿ ದಾಖಲು ಮಾಡಿದರೆ ಆಡಿಟ್‌ಗೆ ಅಷ್ಟೇ ಸಾಕು ಅಂತ ಸ್ಪಷ್ಟವಾಗಿ ಬರೆಯಬೇಕು. ಆಡಿಟ್‌ನವರ ಒಪ್ಪಿಗೆ ಪಡೆದು, ಅದನ್ನೂ ಆದೇಶದಲ್ಲೇ ನಮೂದಿಸಿ. ಈ ಸಾಲು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಇ-ಕಚೇರಿಯಲ್ಲಿ ಬಂದದ್ದನ್ನು ಪ್ರಿಂಟ್ ತೆಗೆದು ಇನ್ನೊಂದು ಕಡತ ಕಟ್ಟಬಾರದು. ಟೈಪಿಂಗ್ ಎಲ್ಲ ಯುನಿಕೋಡಿನಲ್ಲಿ. ಪ್ರಿಂಟರ್ ಕೊಳ್ಳುವಾಗಲೇ ಎರಡು ಬದಿ ಮುದ್ರಿಸುವ ಸೆಟಿಂಗ್ ಹಾಕಿಸಿ. ಅದಕ್ಕೆ ಹೆಚ್ಚು ಕಡಿಮೆ ಎರಡು ನಿಮಿಷ ಸಾಕು, ಬೇಕಾದರೆ ನಮ್ಮ ತಾಲ್ಲೂಕಿನದ್ದು ನಾನೇ ಮಾಡಿಕೊಡುತ್ತೇನೆ.

ಆದೇಶ ಬಂದರೆ ಅದನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ಸುಮ್ಮನಾಗಬೇಡಿ. ಪ್ರತಿ ಕೌಂಟರಿನ ಎದುರು, ಅರ್ಜಿದಾರರಿಗೆ ಕಾಣುವ ಕಡೆ, ದಪ್ಪ ಕನ್ನಡ ಅಕ್ಷರದಲ್ಲಿ ಅಂಟಿಸಲು ಹೇಳಿ: ‘ಈ ಕಚೇರಿಯಲ್ಲಿ ಇಂತಿಂಥ ದಾಖಲೆಗಳ ಜೆರಾಕ್ಸ್ ಕೇಳುವುದಿಲ್ಲ. ಕೇಳಿದರೆ ಈ ನಂಬರಿಗೆ ದೂರು ಕೊಡಿ.’ ಕೇಳುವವರಿಗೆ ಬೆರಳಿಟ್ಟು ತೋರಿಸಲು ಏನಾದರೂ ಬೇಕಲ್ಲ. ನಮ್ಮ ತಾಲ್ಲೂಕಿನ ಕಚೇರಿಗಳಿಗೆ ಬೇಕಾಗುವ ಬೋರ್ಡುಗಳನ್ನು ಎ3 ಸೈಜಿನಲ್ಲಿ ಪ್ರಿಂಟ್ ಹಾಕಿ, ಲ್ಯಾಮಿನೇಷನ್ ಮಾಡಿಕೊಡುತ್ತೇನೆ. ಬಿಲ್ಲು ಕಳಿಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನು